ಕಸೂತಿಯ ಹಿಂಬದಿ

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಯನ್ನು ಬಲ್ಲವರು ಕೊಳ್ಳುವ ಮುನ್ನ ಬಟ್ಟೆಯನ್ನು ತಿರುವಿ ನೋಡುತ್ತಾರೆ. ಅದೇ ಸರಿಯಾದ ಪರೀಕ್ಷೆ. ಮುಂಬದಿಯ ಕವಡೆ, ಕನ್ನಡಿ, ಕೆಂಪು-ಹಳದಿ ದಾರಗಳ ಬೆಡಗು ಎಂಥವರನ್ನೂ ಸೆಳೆಯುತ್ತದೆ. ಹೊಲಿದ ಕೈಯ ಹದ ತಿಳಿಯುವುದು ಹಿಂಬದಿಯಲ್ಲಿ. ಯಂತ್ರದ ಕೆಲಸವಾದರೆ ಅಲ್ಲಿ ಸಾಮಾನ್ಯವಾಗಿ ಬಾಬಿನ್ನಿನ ಬೇರೆ ದಾರ ಒಂದೇ ಸಮನೆ ಓಡಿರುತ್ತದೆ. ಕೈಕೆಲಸದಲ್ಲಿ ಮೇಲಿನ ದಾರವೇ ಕೆಳಗಿಳಿದು, ಗಂಟು ಬಿದ್ದು, ಮತ್ತೆ ಮೇಲೇರಿರುತ್ತದೆ. ಇನ್ನು ಕನ್ನಡಿ: ಅದಕ್ಕೆ ತೂತಿಲ್ಲ, ಆದ್ದರಿಂದ ಮೊದಲು ಅಡ್ಡ-ಉದ್ದ ದಾರ ಬಿಗಿದು, ಆ ದಾರಕ್ಕೇ ಸುತ್ತಲೂ ಅಂಚು ಹೊಲಿಯಬೇಕು. ಹೆಬ್ಬೆರಳಿಂದ ಒತ್ತಿದರೆ ಕನ್ನಡಿ ಅಲುಗಬಾರದು, ಬಟ್ಟೆಯೂ ಸುಕ್ಕಾಗಬಾರದು. ಎಂಥ ಬಿಗುವು, ಎಂಥ ಸಂಯಮ!

ಈ ಕಸೂತಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇರುವಾಗ ಇಷ್ಟೆಲ್ಲ ತಪಾಸಣೆ ಏಕೆ ಎನ್ನಬಹುದು. ಆ ಮಾನ್ಯತೆ ಊರನ್ನು ಹೇಳುತ್ತದೆ, ಹೊಲಿಯುವ ಒಬ್ಬೊಬ್ಬಳ ನೈಪುಣ್ಯವನ್ನಲ್ಲ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 1755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಹೆಮ್ಮೆಯ ಸಂಗತಿಯೇ. ಆದರೂ ಸಂಗ್ರಾಹಕ ಒಂದೊಂದನ್ನೂ ಬೇರೆಯಾಗಿಯೇ ನೋಡಬೇಕು. ಹೊಲಿಗೆಯ ಅಳತೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ ಅದು ದೋಷವಲ್ಲ, ಕೈಯ ಗುರುತು. ಸಡಿಲ ಬಿಟ್ಟ ದಾರ ಮಾತ್ರ ದೋಷ.