ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’

ತಿರುಮಕೂಡಲಿನಲ್ಲಿ ಜನಿಸಿದ ಚೌಡಯ್ಯನವರ (1895–1967) ಪಿಟೀಲುವಾದನವನ್ನು ಇಂದಿಗೂ ಧ್ವನಿಮುದ್ರಿಕೆಗಳಲ್ಲಿ ಕೇಳಬಹುದು. ಅವರಿಗೂ ಹಿಂದಿನವರಲ್ಲಿ ಅನೇಕರಿಗೆ ಈ ಭಾಗ್ಯವಿಲ್ಲ. ಮಹಾವೈದ್ಯನಾಥ ಅಯ್ಯರ್ ಅವರು 1893ರಲ್ಲಿಯೂ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರು 1902ರಲ್ಲಿಯೂ ಕಾಲವಾದರು. ಇಂಥವರ ಗಾನಕ್ಕೆ ಕೇಳಿದವರ ನೆನಪೇ ಪ್ರಮಾಣವು. ಮೈಸೂರು ಆಸ್ಥಾನವಿದ್ವಾಂಸರಾಗಿದ್ದ ವಾಸುದೇವಾಚಾರ್ಯರ (1865–1961) ‘ನಾ ಕಂಡ ಕಲಾವಿದರು’ ಎಂಬ ಗ್ರಂಥದ ಬೆಲೆಯು ಇಲ್ಲಿಯೇ ಇರುವುದು.

ಆಚಾರ್ಯರು ತಿರುವಯ್ಯಾರಿನಲ್ಲಿ ಪಟ್ಣಂ ಅವರ ಬಳಿ ಗುರುಕುಲವಾಸ ಮಾಡಿದವರು, ವೀಣೆ ಶೇಷಣ್ಣನವರೂ ಬಿಡಾರಂ ಕೃಷ್ಣಪ್ಪನವರೂ ಇದ್ದ ಆಸ್ಥಾನದಲ್ಲಿಯೇ ಇದ್ದವರು, ಸ್ವತಃ ವಾಗ್ಗೇಯಕಾರರು. ಆದುದರಿಂದ ಅವರ ಮೆಚ್ಚುಗೆಯು ವಿದ್ವಾಂಸರು ವಿದ್ವಾಂಸರಿಗೆ ಸಲ್ಲಿಸಿದ ಮನ್ನಣೆಯಾಗಿರುವುದು.

ಗುರುವನ್ನು ಕುರಿತು ಶಿಷ್ಯನು ಬರೆದುದರಲ್ಲಿ ಪಕ್ಷಪಾತವು ಸಹಜವೆಂದು ಆಕ್ಷೇಪಿಸಬಹುದು. ನೆನಪಿಗೆ ತೇದಿಗಿಂತ ಸ್ವಭಾವವೇ ಮುಖ್ಯ. ಆದಕಾರಣ ಕಾಲನಿರ್ಣಯಕ್ಕೆ ಈ ಗ್ರಂಥವೊಂದನ್ನೇ ನೆಚ್ಚದೆ ಅರಮನೆಯ ದಫ್ತರಗಳೊಡನೆ ಹೋಲಿಸಿ ನೋಡತಕ್ಕದ್ದು. ಆದರೆ ದಫ್ತರವು ವಿದ್ವಾಂಸರ ಸಂಬಳವನ್ನು ತಿಳಿಸೀತೇ ಹೊರತು, ಅವರ ಗಾನಕ್ಕೆ ಸಭೆಯು ಏಕೆ ಮೈಮರೆಯಿತೆಂಬುದನ್ನು ತಿಳಿಸಲಾರದು.

ಡಿ. ವಿ. ಗುಂಡಪ್ಪನವರ ‘ಕಲೋಪಾಸಕರು’ ರಸಿಕರೊಬ್ಬರ ಸಾಕ್ಷ್ಯವು. ಆಚಾರ್ಯರದು ಸಹವೃತ್ತಿಯವರ ಸಾಕ್ಷ್ಯವು. ಎರಡನ್ನೂ ಜತೆಗಿಟ್ಟು ಪರಿಶೀಲಿಸಿದಲ್ಲಿ ಮಾತ್ರವೇ ಮೈಸೂರಿನ ಸಂಗೀತಚರಿತ್ರೆಯು ಬರಿಯ ಹೆಸರುಗಳ ಪಟ್ಟಿಯಾಗದೆ ಮನುಷ್ಯರ ಚರಿತ್ರೆಯಾದೀತು.