ಯಾರು ಹೊಡೆದರು, ಯಾರಿಗೆ ಬಿತ್ತು?: ಇ-ಸ್ಪೋರ್ಟ್ಸ್ ವೀಕ್ಷಕ ವಿವರಣೆಯ ಕನ್ನಡ ಮತ್ತು ಹೊರಗಿನ ನೋಡುಗ

1. ಪ್ರವೇಶ

ದೇವನಹಳ್ಳಿ ತಾಲ್ಲೂಕಿನ ಆವತಿ ನನ್ನ ಊರು. ಕಳೆದ ಬೇಸಿಗೆ ರಜೆಯಲ್ಲಿ ಮನೆಯ ಜಗುಲಿಯ ಮೇಲೆ ಅಣ್ಣನ ಮಗ ತನ್ನ ಮೊಬೈಲಿನಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾದ (ಮುಂದೆ ಬಿಜಿಎಂಐ) ಪಂದ್ಯವೊಂದನ್ನು ನೋಡುತ್ತಿದ್ದ. ವಿವರಣೆ ಕನ್ನಡದಲ್ಲೇ ಇತ್ತು. ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ನೋಡಿದ ನನ್ನ ತಂದೆ, "ಯಾರ್ಲಾ ಹೊಡ್ದಿದ್ದು, ಯಾರಿಗ್ ಬಿತ್ತು?" ಎಂದು ಕೇಳಿದರು. "ಅದು ಮುಗೀತು ತಾತ, ಈಗ ಬೇರೆ ಟೀಮ್ ತೋರಿಸ್ತಾವ್ರೆ" ಎಂದ ಹುಡುಗ. ತಂದೆ ಎದ್ದು ಹೋದರು. ಕಬಡ್ಡಿಯಾಗಿದ್ದರೆ ಅವರು ಏಳುತ್ತಿರಲಿಲ್ಲ.

ಒಂದು ಮನೆಯ ಒಂದು ಸಂಜೆಯಿಂದ ಸಿದ್ಧಾಂತ ಕಟ್ಟಲಾಗದು. ಆದರೆ ತಂದೆಯವರ ಪ್ರಶ್ನೆ ವ್ಯಾಕರಣದ ಪ್ರಶ್ನೆಯೂ ಹೌದು. ಅವರು ಕೇಳಿದ್ದು ಕರ್ತೃವನ್ನು ಮತ್ತು ಕ್ರಿಯೆಗೆ ಗುರಿಯಾದವನನ್ನು. ಸ್ವತಃ ಆಡದವರನ್ನು ಕೆಲವು ಸ್ಪರ್ಧಾತ್ಮಕ ವಿಡಿಯೊ ಗೇಮ್‌ಗಳು ಏಕೆ ಹಿಡಿದು ಕೂರಿಸಲಾರವು ಎಂಬುದಕ್ಕೆ ಉತ್ತರದ ಒಂದು ಪಾಲು ಈ ಪ್ರಶ್ನೆಯಲ್ಲಿದೆ ಎಂಬುದು ಪ್ರಸ್ತುತ ಬರಹದ ವಾದ.

ವಿಷಯ ಈಗ ಖಾಸಗಿ ಹವ್ಯಾಸದ ಮಟ್ಟದಲ್ಲಿ ಉಳಿದಿಲ್ಲ. 2022ರಲ್ಲಿ ಬಿಜಿಎಂಐ ಪಂದ್ಯಾವಳಿಯೊಂದು ಸ್ಟಾರ್ ಸ್ಪೋರ್ಟ್ಸ್ 2 ವಾಹಿನಿಯಲ್ಲಿ ನೇರಪ್ರಸಾರವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಬಹುಕ್ರೀಡಾ ಕೂಟಗಳ ಭಾಗವಾಗಿ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಮನ್ನಣೆ ನೀಡಿತು. ಕ್ರೀಡೆ ಎಂಬ ಸಾರ್ವಜನಿಕ ಸ್ಥಾನವನ್ನು ಪಡೆದ ಆಟವು ಸಾರ್ವಜನಿಕರಿಗೆ ಅರ್ಥವಾಗುವ ಹೊಣೆಯನ್ನೂ ಹೊರಬೇಕಾಗುತ್ತದೆ.

2. ಎರವಲು ಪದಗಳ ಮೇಲಿನ ಆರೋಪ

ಸಾಮಾನ್ಯವಾಗಿ ಕೇಳಿಬರುವ ವಿವರಣೆ ಶಬ್ದಕೋಶದ್ದು: "ಝೋನ್", "ನಾಕ್", "ರೊಟೇಶನ್", "ಲೂಟ್" ಮುಂತಾದ ಇಂಗ್ಲಿಷ್ ಪದಗಳೇ ತೊಡಕು, ಕನ್ನಡ ಪದಗಳನ್ನು ಟಂಕಿಸಿದರೆ ತೊಡಕು ನಿವಾರಣೆಯಾಗುತ್ತದೆ. ಈ ವಾದ ನಿಲ್ಲುವುದಿಲ್ಲ. ಕ್ರಿಕೆಟ್ಟಿನ "ವಿಕೆಟ್", "ಓವರ್", "ಸಿಕ್ಸರ್" ಎರವಲೇ. ಕಬಡ್ಡಿಯ "ರೈಡ್", "ಟ್ಯಾಕಲ್", "ಬೋನಸ್" ಕೂಡ ಎರವಲೇ. ಮೇಲಾಗಿ ಕನ್ನಡ, ತೆಲುಗು ಎರಡೂ ನಿತ್ಯ ಬಳಕೆಯಲ್ಲಿರುವ ದೇವನಹಳ್ಳಿ ಸೀಮೆಯ ಕೇಳುಗರಿಗೆ ಪರಭಾಷೆಯ ಪದ ಹೊಸತೇನೂ ಅಲ್ಲ.

ಎರವಲು ನಾಮಪದಕ್ಕೆ "ಮಾಡು" ಅಥವಾ "ಆಗು" ಸೇರಿಸಿ ಕ್ರಿಯೆಯಾಗಿಸುವ ಕನ್ನಡದ ಕ್ರಮ ಇಲ್ಲಿಯೂ ಸುಸೂತ್ರವಾಗಿ ನಡೆಯುತ್ತದೆ. "ನಾಕ್ ಮಾಡಿದ" ಎಂದರೆ ಕೆಡವಿದವನು ಕರ್ತೃ. "ನಾಕ್ ಆದ" ಎಂದರೆ ಬಿದ್ದವನು ಕರ್ತೃ. ಪದ ಗೊತ್ತಿಲ್ಲದಿದ್ದರೂ ಸಕರ್ಮಕ, ಅಕರ್ಮಕಗಳ ಭೇದ ಕೇಳುಗನನ್ನು ತಲುಪುತ್ತದೆ. ಕೊರತೆಯನ್ನು ಹುಡುಕಬೇಕಾದದ್ದು ವಾಕ್ಯದಲ್ಲಿ.

3. ಕರ್ತೃವಿನ ಕಣ್ಮರೆ

ಕ್ರೀಡಾ ವಿವರಣೆಯ ಭಾಷೆಯನ್ನು ಕುರಿತ ಚಾರ್ಲ್ಸ್ ಫರ್ಗ್ಯೂಸನ್ ಅವರ 1983ರ ಲೇಖನ ಇಂಗ್ಲಿಷ್ ವಿವರಣೆಯಲ್ಲಿ "ಇರು" ಅರ್ಥದ ಕ್ರಿಯಾಪದದ ಲೋಪವನ್ನೂ ಪದಕ್ರಮದ ವಿಲೋಮವನ್ನೂ ಮುಖ್ಯ ಲಕ್ಷಣಗಳಾಗಿ ಗುರುತಿಸಿತು. ಕನ್ನಡದಲ್ಲಿ ಮೊದಲನೆಯದು ಲಕ್ಷಣವೇ ಆಗಲಾರದು. "ಇವನು ನಾಯಕ" ಎಂಬುದು ನಮ್ಮ ಸಾಮಾನ್ಯ ವಾಕ್ಯ. ಎರಡನೆಯದು ಮಾತ್ರ ಢಾಳಾಗಿ ಕಾಣುತ್ತದೆ. ಕ್ರಿಯಾಪದ ಮುಂದೆ ಬಂದು ಹೆಸರು ಹಿಂದೆ ಸರಿಯುತ್ತದೆ: "ಹಿಡಿದೇ ಬಿಟ್ಟರು, ಎಡ ಮೂಲೆಯವರು!" (ಇಲ್ಲಿನ ಉದಾಹರಣೆಗಳು ವಿವೇಚನೆಗಾಗಿ ನಾನು ರಚಿಸಿದವು.) ವೇಗಕ್ಕೆ ಮೊದಲು ಕ್ರಿಯೆ, ಸ್ಪಷ್ಟತೆಗೆ ಆಮೇಲೆ ಕರ್ತೃ.

ಈ ಏರ್ಪಾಡು ಕಬಡ್ಡಿಗೆ ಒಪ್ಪುತ್ತದೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ರೈಡ್‌ಗೆ 30 ಸೆಕೆಂಡು. ಒಬ್ಬನ ಎದುರು ಹೆಚ್ಚೆಂದರೆ ಏಳು ಮಂದಿ. ಹಿಂದೆ ಸರಿದ ಹೆಸರನ್ನು ಹೇಳಲು ಸಮಯವಿದೆ, ಹೇಳದಿದ್ದರೂ ಕಣ್ಣು ತುಂಬಿಕೊಡುತ್ತದೆ. ಬಿಜಿಎಂಐ ಪಂದ್ಯದಲ್ಲಿ ತಲಾ ನಾಲ್ವರ 16 ತಂಡಗಳು, ಅಂದರೆ 64 ಆಟಗಾರರು. ಎರಾಂಗೆಲ್ ಎಂಬ ನಕ್ಷೆ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲದ ಭೂಮಿ. ಪರದೆಯಲ್ಲಿ ಒಂದು ಹೊತ್ತಿಗೆ ಮುಖ್ಯವಾಗಿ ಕಾಣುವುದು ಒಬ್ಬನ ನೋಟ. ಕ್ರಿಯಾಪದ ಬಂದು ಹೆಸರು ಬರುವಷ್ಟರಲ್ಲಿ ಮತ್ತೊಂದು ಮೂಲೆಯ ಕಾಳಗ ಆರಂಭವಾಗಿರುತ್ತದೆ.

ಕನ್ನಡದ ಗೌರವ ಬಹುವಚನ ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. "ಹೊಡೆದರು" ಎಂದರೆ ಒಬ್ಬರೋ, ನಾಲ್ವರೋ? ಕಬಡ್ಡಿಯಲ್ಲಿ ಆಟದ ರಚನೆಯೇ ಇದನ್ನು ಬಿಡಿಸುತ್ತದೆ. ಇಲ್ಲಿ ಬಿಡಿಸುವಂಥದ್ದೇನೂ ಇಲ್ಲ. "ಇಲ್ಲಿ", "ಈ ಕಡೆ" ಎಂಬ ಸೂಚಕ ಪದಗಳ ಗತಿಯೂ ಇದೇ. ಕ್ಯಾಮೆರಾ ಜಿಗಿದಂತೆ "ಇಲ್ಲಿ" ಎಂಬುದರ ನೆಲೆಯೂ ಜಿಗಿಯುತ್ತದೆ, ಆದರೆ ಜಿಗಿದದ್ದನ್ನು ಯಾರೂ ಹೇಳುವುದಿಲ್ಲ.

4. ಪಣ ಮತ್ತು "-ಅರೆ" ವಾಕ್ಯ

ಕರ್ತೃವನ್ನು ಹೇಳಿದ ಮಾತ್ರಕ್ಕೆ ಹೊರಗಿನವನ ಕುತೂಹಲ ನಿಲ್ಲದು. ಏನು ಪಣಕ್ಕಿದೆ ಎಂಬುದೂ ಅವನಿಗೆ ಬೇಕು. ಈ ಎರಡು ವಾಕ್ಯಗಳನ್ನು ಹೋಲಿಸೋಣ:

(1) ಕೊನೆಯ ಎಸೆತ, ಸಿಕ್ಸರ್ ಹೊಡೆಯಲೇಬೇಕು.
(2) ಝೋನ್ ಶಿಫ್ಟ್ ಆಯ್ತು, ರೊಟೇಟ್ ಮಾಡಲೇಬೇಕು.

ಎರಡರಲ್ಲೂ "-ಲೇಬೇಕು" ಎಂಬ ಅನಿವಾರ್ಯತೆಯ ರೂಪವಿದೆ, ಎರಡರಲ್ಲೂ ಕಾರಣ ಲುಪ್ತವಾಗಿದೆ. (1)ರ ಕಾರಣ ಅಂಕಫಲಕದಲ್ಲಿದೆ: ಹೊಡೆಯದಿದ್ದರೆ ಸೋಲು. (2)ರ ಕಾರಣ ಆಡಿದವರ ತಲೆಯಲ್ಲಿ ಮಾತ್ರ ಇದೆ. ಆಟದ ಭೂಮಿ ಸುತ್ತಿನಿಂದ ಸುತ್ತಿಗೆ ಕಿರಿದಾಗುತ್ತದೆ. ವೃತ್ತದ ಹೊರಗೆ ಉಳಿದರೆ ಪ್ರಾಣ ಸೋರುತ್ತಾ ಹೋಗುತ್ತದೆ. "ಅಲ್ಲೇ ಉಳಿದರೆ ಸಾಯುತ್ತಾರೆ, ಹೊರಟರೆ ಬಯಲಿನಲ್ಲಿ ಗುಂಡಿಗೆ ಸಿಗುತ್ತಾರೆ" ಎಂದಿದ್ದರೆ ನನ್ನ ತಂದೆ ಇನ್ನೂ ಹತ್ತು ನಿಮಿಷ ಕೂರುತ್ತಿದ್ದರೇನೋ.

ಆದ್ದರಿಂದ ಒಂದು ಒರೆಗಲ್ಲನ್ನು ಸೂಚಿಸುತ್ತೇನೆ: ಆಟದ ಯಾವುದೇ ಕ್ಷಣದ ಪಣವನ್ನು ಆ ಆಟದ ಪರಿಭಾಷೆಯಿಲ್ಲದ ಒಂದೆರಡು ಪಕ್ಷಾರ್ಥಕ "-ಅರೆ" ವಾಕ್ಯಗಳಲ್ಲಿ ಹೇಳಲು ಸಾಧ್ಯವೇ? ಸ್ಟ್ರೀಟ್ ಫೈಟರ್ ಈ ಒರೆಗೆ ನಿಲ್ಲುತ್ತದೆ: ಎರಡು ದೇಹ, ಎರಡು ಪಟ್ಟಿ, ಮೊದಲು ಖಾಲಿಯಾದರೆ ಸೋಲು. ನೂರಕ್ಕೂ ಹೆಚ್ಚು ವೀರರಿಂದ ತಂಡ ಕಟ್ಟುವ ಡೋಟಾ 2 ಬಹುಮಟ್ಟಿಗೆ ನಿಲ್ಲುವುದಿಲ್ಲ. ಆಟ ತೊಡಗುವ ಮೊದಲಿನ ಆಯ್ಕೆಯಲ್ಲೇ ಅಲ್ಲಿ ಪಣವಿರುತ್ತದೆ. ಬಿಜಿಎಂಐ ನಡುವೆ ಇದೆ. ಅಲ್ಲಿನ ಪಣ ಸರಳ, ಆದರೆ ಹೇಳದೆ ಉಳಿದದ್ದು. ಅಂಕಪಟ್ಟಿಯನ್ನೂ ವಿವರಿಸಬೇಕು: ಸ್ಥಾನಕ್ಕೂ ಕೊಂದದ್ದಕ್ಕೂ ಅಂಕವಿದ್ದು, ಹಲವು ಪಂದ್ಯಗಳ ಮೊತ್ತದಿಂದ ವಿಜಯ ನಿರ್ಧಾರವಾಗುವುದರಿಂದ ಈ ಪಂದ್ಯ ಗೆದ್ದವರು ಮುಂದಿರಬೇಕೆಂದಿಲ್ಲ.

5. ಕೇಳಿಸಿಕೊಳ್ಳುವವನ ಸ್ಥಾನ

"ನೋಡುತ್ತಾ ಹೋದರೆ ತಾನೇ ಅರ್ಥವಾಗುತ್ತದೆ" ಎಂಬುದು ಅಭಿಮಾನಿಗಳ ಉತ್ತರ. ಶೋಬರ್ ಮತ್ತು ಕ್ಲಾರ್ಕ್ ಅವರ 1989ರ ಪ್ರಯೋಗ ಈ ಭರವಸೆಯನ್ನು ಸಡಿಲಿಸುತ್ತದೆ. ಇಬ್ಬರು ಮಾತಾಡಿಕೊಂಡು ಆಕೃತಿಗಳನ್ನು ಜೋಡಿಸುವಾಗ ಪ್ರತಿ ಮಾತನ್ನೂ ಕೇಳಿಸಿಕೊಂಡ ಮೂರನೆಯವರು, ಮಾತಿನಲ್ಲಿ ಭಾಗಿಯಾದವರಷ್ಟು ಸರಿಯಾಗಿ ಗ್ರಹಿಸಲಿಲ್ಲ. ನಡುವೆ ತಡೆದು "ಹಾಗಂದರೇನು?" ಎಂದು ಕೇಳುವ ಅವಕಾಶ ಅವರಿಗಿರಲಿಲ್ಲ. ಇ-ಸ್ಪೋರ್ಟ್ಸ್ ವಿವರಣೆಯಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ: ಒಬ್ಬರು ನಡೆದದ್ದನ್ನು ಹೇಳುವವರು, ಇನ್ನೊಬ್ಬರು ವಿಶ್ಲೇಷಿಸುವವರು. ಇಬ್ಬರೂ ಒಳಗಿನವರು. ಹೊರಗಿನ ನೋಡುಗ ಆ ಮೂರನೆಯವನ ಜಾಗದಲ್ಲಿದ್ದಾನೆ.

ನಮ್ಮ ಸೀಮೆಯ ಮೂಡಲಪಾಯ ಬಯಲಾಟ ಈ ಸಮಸ್ಯೆಗೆ ಬಹು ಹಿಂದೆಯೇ ಉಪಾಯ ಕಂಡುಕೊಂಡಿತ್ತು. ವೇಷಧಾರಿ ರಂಗಕ್ಕೆ ಬಂದಾಗ ಸಾರಥಿ ಅವನ ಹೆಸರನ್ನೂ ಬಂದ ಕಾರಣವನ್ನೂ ಕೇಳುತ್ತಾನೆ. ಬಂದವನು ದುರ್ಯೋಧನನೆಂಬುದು ಬಹುಪಾಲು ಪ್ರೇಕ್ಷಕರಿಗೆ ಗೊತ್ತು, ಆದರೂ ಕೇಳುತ್ತಾನೆ. ಗೊತ್ತಿಲ್ಲದವರ ಪರವಾಗಿ ಪ್ರಶ್ನಿಸುವ ಪಾತ್ರವನ್ನು ರಂಗದ ಮೇಲೆಯೇ ಇರಿಸಿದ ಈ ಕ್ರಮ ಬಲ್ಲವರ ರಸಭಂಗ ಮಾಡಲಿಲ್ಲ. ಇ-ಸ್ಪೋರ್ಟ್ಸ್ ವಿವರಣೆಯಲ್ಲಿ ಇಲ್ಲದಿರುವುದು ಈ ಸಾರಥಿ.

6. ಮಿತಿ ಮತ್ತು ಮುಂದಿನ ಕೆಲಸ

ಭಾಷೆಯೊಂದೇ ಎಲ್ಲವನ್ನೂ ಪರಿಹರಿಸದು. 64 ಮಂದಿಯ ಏಕಕಾಲದ ಆಟವನ್ನು ಒಂದು ಪರದೆಯಲ್ಲಿ ತೋರಿಸುವ ಕಷ್ಟ ವಾಕ್ಯರಚನೆಯಿಂದ ನೀಗುವಂಥದ್ದಲ್ಲ. ಒಳಗಿನವರ ಪರಿಭಾಷೆಗೆ ತನ್ನದೇ ಬೆಲೆಯಿರುವುದೂ ನಿಜ. ಅಣ್ಣನ ಮಗನಿಗೆ ಆ ಮಾತು ಅವನ ಗೆಳೆಯರ ಬಳಗದ ಗುರುತು, ಅದನ್ನು ಕಸಿಯಬೇಕಾದ ಕಾರಣವಿಲ್ಲ. ಆದರೆ ಪ್ರಸಾರವನ್ನು ಕನ್ನಡದಲ್ಲಿ ನಡೆಸಿದ ಮಾತ್ರಕ್ಕೆ ಕನ್ನಡಿಗರೆಲ್ಲ ನೋಡುಗರಾಗುತ್ತಾರೆಂಬ ಎಣಿಕೆ ಹುಸಿ. ಕನ್ನಡದಲ್ಲಿ ಮಾತಾಡುವುದು ಬೇರೆ, ಗೊತ್ತಿಲ್ಲದ ಕನ್ನಡಿಗನೊಂದಿಗೆ ಮಾತಾಡುವುದು ಬೇರೆ.

ಸಂಶೋಧನಾ ವಿದ್ಯಾರ್ಥಿಗಳಿಗೆ ಇಲ್ಲಿ ಅಳೆಯಬಹುದಾದ ಕೆಲಸವಿದೆ. ಕನ್ನಡ ಕಬಡ್ಡಿ ವಿವರಣೆ ಮತ್ತು ಬಿಜಿಎಂಐ ವಿವರಣೆಗಳನ್ನು ಸಮಾನ ಅವಧಿಗೆ ಲಿಪ್ಯಂತರಿಸಿ ಮೂರನ್ನು ಎಣಿಸಬೇಕು: ಕರ್ತೃವನ್ನು ಹೆಸರಿಸಿದ ಕ್ರಿಯಾಪದಗಳು, ಪಣವನ್ನು ಹೇಳುವ "-ಅರೆ" ವಾಕ್ಯಗಳು, ನೋಟ ಬದಲಾದಾಗ ಸ್ಥಳವನ್ನು ಹೊಸದಾಗಿ ಸೂಚಿಸುವ ಪದಗಳು. ಬಳಿಕ ಅದೇ ತುಣುಕುಗಳನ್ನು ಆಟವಾಡದವರಿಗೆ ತೋರಿಸಿ, ಯಾರು ಯಾರಿಗೆ ಏನು ಮಾಡಿದರೆಂದು ಕೇಳಬೇಕು. ಈ ಮೂರೂ ಹೆಚ್ಚಿರುವ ತುಣುಕನ್ನೂ ಅವರು ಗ್ರಹಿಸದಿದ್ದರೆ ನನ್ನ ವಾದ ತಪ್ಪು. ಆಗ ದೋಷ ಆಟದ ರಚನೆಯಲ್ಲಿದೆ ಎಂದು ಒಪ್ಪಬೇಕಾಗುತ್ತದೆ.