ಬೀದರಿನ ಇಪ್ಪತ್ತು ನಿಮಿಷ

ಬೀದರಿನ ಒಂದೇ ಆಸ್ಪತ್ರೆಯಲ್ಲಿ ಒಂದೇ ದಿನ ಹುಟ್ಟಿದ ಮಕ್ಕಳ ರಾಶಿ ಸಾಮಾನ್ಯವಾಗಿ ಒಂದೇ. ಚಂದ್ರ ಒಂದೊಂದು ರಾಶಿಯಲ್ಲಿ ಸುಮಾರು ಎರಡೂಕಾಲು ದಿನ ಇರುತ್ತಾನಲ್ಲ! ಜಾತಕಗಳನ್ನು ಬೇರೆ ಮಾಡುವುದು ಲಗ್ನ, ಅಂದರೆ ಹುಟ್ಟಿದ ಗಳಿಗೆಯಲ್ಲಿ ಪೂರ್ವ ದಿಗಂತದಲ್ಲಿ ಏಳುತ್ತಿದ್ದ ರಾಶಿ. ಅದೇ ತನುಭಾವ, ಹನ್ನೆರಡು ಮನೆಗಳ ಎಣಿಕೆ ಅಲ್ಲಿಂದಲೇ. ಮೇಷ ಲಗ್ನದವನಿಗೆ ಭಾಗ್ಯಾಧಿಪತಿಯಾದ ಗುರು, ವೃಷಭ ಲಗ್ನದವನಿಗೆ ಅಷ್ಟಮಾಧಿಪತಿ. ಲಗ್ನ ಕೇಳದೆ ಬರೆಯುವ ದಿನಭವಿಷ್ಯವನ್ನು ನಾನು ಓದುವುದಿಲ್ಲ.

ಜಾತಕದಲ್ಲಿ ಊರಿನ ಗುರುತು ಬೀಳುವುದೂ ಲಗ್ನದಲ್ಲೇ. ನಮ್ಮ ಗಡಿಯಾರ 82½ ಡಿಗ್ರಿ ರೇಖಾಂಶದ್ದು, ಬೀದರ ಇರುವುದು 77½ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ಸ್ಥಳೀಯ ಕಾಲ 20 ನಿಮಿಷ ಹಿಂದೆ. ಕೈಲೆಕ್ಕದಲ್ಲಿ ಇದನ್ನು ಕಳೆಯಲು ಮರೆತರೆ ಲಗ್ನ ಹೆಚ್ಚುಕಡಿಮೆ ಐದು ಡಿಗ್ರಿ ಜಾರುತ್ತದೆ. ನವಾಂಶ ಇರುವುದೇ 3 ಡಿಗ್ರಿ 20 ಕಲೆ. ಅದಂತೂ ಕೆಟ್ಟಿತೆಂದೇ ಲೆಕ್ಕ. ಮುಂಬೈಗೆ ಗಣಿಸಿದ ಲಗ್ನಪಟ್ಟಿಯನ್ನು ಭಾಲ್ಕಿ, ಔರಾದಗಳಲ್ಲಿ ಹಾಗೆಯೇ ಓದುವವರಿಗೂ ಇದೇ ಪಾಡು: ಅಲ್ಲಿಗಿಂತ ಇಲ್ಲಿ ರಾಶಿ 17–18 ನಿಮಿಷ ಮೊದಲೇ ಎದ್ದಿರುತ್ತದೆ. ಕಂಪ್ಯೂಟರಿನಲ್ಲಿ ಭಾಲ್ಕಿ ಸಿಗದೆ ಬೀದರ ಅಂತ ಒತ್ತಿದರೆ ತಪ್ಪುವುದು ಒಂದೂಕಾಲು ನಿಮಿಷ. ಔರಾದಕ್ಕೆ ಅದೂ ಇಲ್ಲ. ನರ್ಸಮ್ಮನ ಗಡಿಯಾರ ಅದಕ್ಕಿಂತ ಹೆಚ್ಚು ತಪ್ಪಿರುತ್ತದೆ!

ಒಂದು ಲಗ್ನಕ್ಕೆ ಎರಡು ತಾಸು ಎನ್ನುವುದು ಬರೀ ಸರಾಸರಿ. ನಮ್ಮ 18 ಡಿಗ್ರಿ ಅಕ್ಷಾಂಶದಲ್ಲಿ ಮೀನ ಸುಮಾರು 1 ಗಂಟೆ 35 ನಿಮಿಷದಲ್ಲಿ ಎದ್ದು ಮುಗಿಯುತ್ತದೆ. ಕರ್ಕಕ್ಕೆ 2 ಗಂಟೆ 13 ನಿಮಿಷ ಬೇಕು. ಈ ಸೀಮೆಯಲ್ಲಿ ಕರ್ಕ ಲಗ್ನದವರು ಹೆಚ್ಚು, ಮೀನದವರು ಕಡಿಮೆ ಇರಬೇಕಾದದ್ದು ಗಣಿತದಿಂದಲೇ.

ಇದೇ ಜಿಲ್ಲೆಯ ಕಲ್ಯಾಣದಲ್ಲಿದ್ದ ಬಸವಣ್ಣ, ನಮ್ಮವರು ಕೇಳಿದರೆ ಶುಭಲಗ್ನವೆಂದೇ ಹೇಳಿ ಎಂಬ ಅರ್ಥದ ವಚನ ಬರೆದು ಮುಹೂರ್ತದ ಗೊಡವೆಯನ್ನೇ ಬಿಡಿಸಿದ. ಫಲದ ವಿಷಯದಲ್ಲಿ ನನಗೂ ಹಟವಿಲ್ಲ. ಲೆಕ್ಕ ಮಾತ್ರ ಸರಿಯಿರಬೇಕು.

ವೇಳೆ ಬರೆದಿಡದ ಹಿರಿಯರದು ಬೇರೆ ಕಥೆ. “ಸಂಕ್ರಾಂತಿ ಆಗಿ ಒಂದು ವಾರಕ್ಕ, ಹೊತ್ತ ಹೊಂಟ ಮ್ಯಾಲ ಹುಟ್ಯಾನ” ಅಂದರೆ ಸಾಕು. ಸೂರ್ಯ ಏಳುವಾಗ ಸೂರ್ಯನಿರುವ ರಾಶಿಯೇ ಲಗ್ನ, ಅದು ಮಕರ. ಹೊತ್ತು ಮುಳುಗುವಾಗ ಎಂದರೆ ಅಲ್ಲಿಂದ ಏಳನೆಯದು, ಕರ್ಕ. “ಮಧ್ಯಾಹ್ನ, ಬುತ್ತಿ ಬಿಚ್ಚೂ ಯಾಳ್ಯಾಕ್ಕ” ಎಂದರೆ ಮಾತ್ರ, ಬುತ್ತಿ ಎಷ್ಟಕ್ಕೆ ಬಿಚ್ಚುತ್ತಿದ್ದರೆಂದು ಮನೆಯವರನ್ನೇ ಕೇಳಬೇಕು.